ತೂಕದ ಇನ್ಸ್‌ಪೆಕ್ಟರ್ ಮಗಳನ್ನು ಅಳೆದದ್ದು

2017ರ ಫೆಬ್ರವರಿ 9, ಗುರುವಾರ, ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಕ್ಲಿಫರ್ಡ್ ಸಗ್ಡನ್ ತನ್ನ ಒಬ್ಬಳೇ ಮಗಳ ಬುದ್ಧಿವಂತಿಕೆಯನ್ನು ದಶಮಾಂಶದ ಮೂರನೆಯ ಸ್ಥಾನದವರೆಗೆ ಲೆಕ್ಕ ಹಾಕಿ ಮುಗಿಸಿದ. ಉತ್ತರ 1.333 ಎಂದು ಬಂತು. ಕೊನೆಯ ಮೂರು ಅಲ್ಲಿಗೇ ನಿಲ್ಲುವುದಿಲ್ಲ, ಹೀಗೆಯೇ ಅನಂತದವರೆಗೆ ಹೋಗುತ್ತದೆ ಎಂದು ತಿಳಿಸಲು ಅದರ ನೆತ್ತಿಯ ಮೇಲೆ ಒಂದು ಚುಕ್ಕೆ ಇಟ್ಟ. ಚುಕ್ಕೆ ಇಟ್ಟಾದ ಮೇಲೆ ಚಹಾ ಕುಡಿದ.

"ಎಷ್ಟು ಬಂತು?" ಎಂದು ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ ಹೆಂಡತಿ ಗ್ವೆಂಡಾ ಕೇಳಿದಳು.

"ಒಂದು ಪಾಯಿಂಟ್ ಮೂರು ಮೂರು ಮೂರು."

"ಎಷ್ಟಕ್ಕೆ?"

"ನಾಲ್ಕಕ್ಕೆ."

ಬೆಣ್ಣೆಯ ಚಾಕು ನಿಂತಿತು. "ಒಳ್ಳೇದಾ ಅದು?"

"ಒಳ್ಳೇದೋ ಕೆಟ್ಟದ್ದೋ ಹೇಳೋದು ನನ್ನ ಕೆಲ್ಸ ಅಲ್ಲ, ಗ್ವೆಂಡಾ. ನಾನು ಅಳೆದಿದೀನಿ."

ಅಳೆಯುವುದು ನಿಜಕ್ಕೂ ಅವನ ಕೆಲಸವೇ ಆಗಿತ್ತು. ಯಾರ್ಕ್‌ಶೈರಿನ ಥಾರ್ನ್‌ಬೆಕ್ ಪಟ್ಟಣದಲ್ಲಿ ಮೂವತ್ತೊಂದು ವರ್ಷದಿಂದ ಅವನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ಮಾಂಸದಂಗಡಿಯ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು, ಪಬ್ಬಿನ ಬಿಯರ್ ಲೋಟ, ಎಲ್ಲವೂ ಅವನ ಕಣ್ಣಿನ ಕೆಳಗೇ ಹಾದುಹೋಗಬೇಕು. ಅಳತೆಯಲ್ಲಿ ಅವನು ತಪ್ಪಿದ್ದನ್ನು ಕಂಡವರಿಲ್ಲ. ಯಾವುದನ್ನು ಅಳೆಯುತ್ತಿದ್ದೇನೆ ಎಂಬುದರಲ್ಲಿ ಮಾತ್ರ ಆಗಾಗ ಎಡವಟ್ಟಾಗುತ್ತಿತ್ತು. ಹಿಂದಿನ ವರ್ಷ ಹ್ಯಾಲಿಫ್ಯಾಕ್ಸಿನಲ್ಲಿ ಒಂದು ಶವಸಂಸ್ಕಾರಕ್ಕೆ ಹೋಗಿ, ಮುಂದಿನ ಸಾಲಿನಲ್ಲೇ ಕೂತು, ಪ್ರಾರ್ಥನೆ ಹೇಳಿದ್ದಕ್ಕಿಂತ ಹನ್ನೊಂದು ನಿಮಿಷ ಜಾಸ್ತಿ ನಡೆಯಿತು ಎಂದು ಮನೆಗೆ ಬಂದು ವರದಿ ಮಾಡಿದ್ದ. ಅದು ತನ್ನ ಗೆಳೆಯನದಲ್ಲ, ಬೇರೆ ಯಾರದೋ ಶವ ಎಂಬುದು ಗೊತ್ತಾದದ್ದು ಮರುದಿನ.

ಮಗಳು ಹೆಸ್ಟರ್‌ಗೆ ಹದಿನೇಳು ವರ್ಷ. ಭೌತಶಾಸ್ತ್ರ ಓದಬೇಕು, ಜೊತೆಗೆ ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿ ಊದಬೇಕು, ಎರಡನ್ನೂ ಕಲಿಯಬೇಕು ಎನ್ನುವುದು ಅವಳ ಹಟ. ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೊರಟವರು ಒಂದು ವಿಷಯವನ್ನು ಆರಿಸಿಕೊಂಡು ಉಳಿದದ್ದಕ್ಕೆಲ್ಲ ಎಳ್ಳುನೀರು ಬಿಡಬೇಕು. ಎರಡನ್ನೂ ಕಲಿಸುತ್ತೇವೆ ಎಂದದ್ದು ಅಮೆರಿಕದ ಒಹಾಯೊದ ಎಲ್ಡ್ರಿಜ್ ಕಾಲೇಜು ಮಾತ್ರ. ಅವರ ಲೆಕ್ಕದಲ್ಲಿ ನಾಲ್ಕಕ್ಕೆ 3.90ಕ್ಕಿಂತ ಹೆಚ್ಚು ಸರಾಸರಿ ಇದ್ದವರಿಗೆ ಪೂರ್ತಿ ವಿದ್ಯಾರ್ಥಿವೇತನವೂ ಇತ್ತು. ಆ ವೇತನವಿಲ್ಲದೆ ಅಲ್ಲಿಗೆ ಹೋಗುವುದು ಸಗ್ಡನ್ ಮನೆಯವರಿಗೆ ಚಂದ್ರನ ಮೇಲೆ ಮನೆ ಮಾಡಿದಷ್ಟೇ ಸುಲಭ.

ತೊಡಕು ಬಂದದ್ದು ಕಾಲೇಜು ಕಳಿಸಿದ ಫಾರಂನಲ್ಲಿ. ನಾಲ್ಕು ವರ್ಷದ ಶಾಲೆಯ ಅಂಕಗಳನ್ನು ನಾಲ್ಕಕ್ಕೆ ಇಳಿಸಿ ಸರಾಸರಿ ತೋರಿಸಿ ಎಂದಿತ್ತು. ಹಾಗೆ ಇಳಿಸುವ ಪದ್ಧತಿ ಇಂಗ್ಲೆಂಡಿನ ಯಾವ ಶಾಲೆಯಲ್ಲೂ ಇಲ್ಲ. ಹೆಸ್ಟರಳ ಶಾಲೆಯಲ್ಲಿ ಮೇಲಿನ ತರಗತಿಗಳ ಉಸ್ತುವಾರಿಯೂ ಭೌತಶಾಸ್ತ್ರದ ಪಾಠವೂ ಮರ್ಗಟ್ರಾಯ್ಡ್ ಮೇಷ್ಟ್ರದು. ಅವರು ಫಾರಂ ಅನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ನಾವಿಲ್ಲಿ ಮಕ್ಕಳನ್ನ ಸರಾಸರಿ ಮಾಡೋದಿಲ್ಲ," ಎಂದು ವಾಪಸು ಕೊಟ್ಟರು. ಇಂಥದ್ದನ್ನು ಮಾಡಿಕೊಡುವ ಏಜೆನ್ಸಿ ಲಂಡನ್ನಿನಲ್ಲಿದೆಯಂತೆ ಎಂದು ಭಾನುವಾರದ ಊಟಕ್ಕೆ ಬಂದಿದ್ದ ಗ್ವೆಂಡಾಳ ಅಕ್ಕ ಬೆರಿಲ್ ಹೇಳಿದಳು. ಆಗ ಕ್ಲಿಫರ್ಡ್ ಫೋರ್ಕನ್ನು ಕೆಳಗಿಟ್ಟು ಹೇಳಿದ ಮಾತೇ ಈ ಎಲ್ಲಕ್ಕೂ ಮೂಲ.

"ಈ ಊರಲ್ಲಿ ಒಂದು ಸಾಸೇಜ್ ತೂಗಬೇಕಾದ್ರೂ ನನ್ನ ಮುದ್ರೆ ಬೇಕು. ನನ್ನ ಮಗಳನ್ನ ಅಳೆಯೋಕೆ ಲಂಡನ್ನಿನವರು ಬೇಕಾ?"

ಹಾಗೆ ನಾಲ್ಕು ವರ್ಷದ ಪ್ರಗತಿಪತ್ರಗಳು ಅಡುಗೆಮನೆಯ ಮೇಜಿಗೆ ಬಂದವು. ಗಣಿತ 81, ಭೌತಶಾಸ್ತ್ರ 74, ಸಂಗೀತ 69, ಇಂಗ್ಲಿಷ್ 66, ಚರಿತ್ರೆ 64, ಫ್ರೆಂಚ್ 58. ಥಾರ್ನ್‌ಬೆಕ್ ಶಾಲೆಯ ಇತಿಹಾಸದಲ್ಲಿ ಇಷ್ಟು ಅಂಕ ಒಟ್ಟಿಗೆ ಒಬ್ಬರಿಗೇ ಬಿದ್ದದ್ದು ಇದೇ ಮೊದಲು. ಆ ಅಂಕಗಳು ಮನೆಗೆ ಬಂದ ದಿನ ಗ್ವೆಂಡಾ ಅತ್ತಿದ್ದಳು, ಸಂತೋಷಕ್ಕೆ. ಆದರೆ ಫಾರಂನ ಹಿಂಬದಿಯಲ್ಲಿ ಅಮೆರಿಕದ ಕೋಷ್ಟಕ ಅಚ್ಚಾಗಿತ್ತು. ಅಲ್ಲಿ ತೊಂಬತ್ತಮೂರರ ಮೇಲೆ ಬಂದರೆ ನಾಲ್ಕು, ಎಂಬತ್ತರ ಮೇಲೆ ಮೂರು, ಎಪ್ಪತ್ತರ ಮೇಲೆ ಎರಡು, ಅರವತ್ತರ ಮೇಲೆ ಒಂದು, ಅರವತ್ತರ ಕೆಳಗೆ ಸೊನ್ನೆ. ಕ್ಲಿಫರ್ಡ್ ಕೋಷ್ಟಕವನ್ನು ಕೊಟ್ಟಿದ್ದ ಹಾಗೆಯೇ ಹಾಕಿದ. ಎರಡು ಸಲ ಹಾಕಿದ. ಆರು ವಿಷಯಕ್ಕೆ ಒಟ್ಟು ಎಂಟು.

"ಕಡಿಮೆ ಅನ್ಸಲ್ವಾ ನಿಂಗೆ?" ಎಂದಳು ಗ್ವೆಂಡಾ.

ಅವನಿಗೂ ಕಡಿಮೆ ಅನಿಸಿತ್ತು. ಆದರೆ ಅದಕ್ಕೆ ಕಾರಣವನ್ನು ಅವನು ಆಗಲೇ ಹುಡುಕಿಕೊಂಡಿದ್ದ. "ಅಮೆರಿಕದ ಪಿಂಟ್ ನಮ್ಮ ಪಿಂಟಿಗಿಂತ ಸಣ್ಣದು. ನಮ್ಮದು ಐನೂರ ಅರವತ್ತೆಂಟು ಮಿಲಿಲೀಟರ್, ಅವರದ್ದು ನಾನೂರ ಎಪ್ಪತ್ಮೂರು. ಅಲ್ಲಿ ಎಲ್ಲಾ ಸಣ್ಣದಾಗೇ ಬರುತ್ತೆ. ಅವರಿಗೆ ಅಭ್ಯಾಸ ಇರುತ್ತೆ ಬಿಡು."

"ಪಿಂಟ್ ಸಣ್ಣದಾದ್ರೆ ನಂಬರ್ ದೊಡ್ಡದಾಗಬೇಕಲ್ವಾ?"

ಇದು ಸರಿಯಾದ ಪ್ರಶ್ನೆ. ಸರಿಯಾದ ಪ್ರಶ್ನೆಗಳಿಗೆಲ್ಲ ಕೊಡುವ ಉತ್ತರವನ್ನೇ ಕ್ಲಿಫರ್ಡ್ ಇದಕ್ಕೂ ಕೊಟ್ಟ. ಟೋಸ್ಟ್ ತಣ್ಣಗಾಗುತ್ತಿದೆ ಎಂದ. ಆಮೇಲೆ ಫಾರಂನ ಕೆಳಗೆ "ಇದು ಸತ್ಯ ಮತ್ತು ನಿಖರ" ಎಂದು ಬರೆದು, ಸಹಿ ಹಾಕಿ, ಸಹಿಯ ಕೆಳಗೆ ತನ್ನ ಹುದ್ದೆಯನ್ನು ಪೂರ್ತಿಯಾಗಿ ಬರೆದು, ಸ್ಕ್ಯಾನ್ ಮಾಡಿ ಒಹಾಯೊಗೆ ಕಳಿಸಿದ. ಹೆಸ್ಟರ್ ಆಗಲೇ ಏಳೂ ಇಪ್ಪತ್ತೈದರ ಬಸ್ಸಿಗೆ ಹೊರಟುಹೋಗಿದ್ದಳು.

ಬೆರಿಲ್ ಇರುವುದು ಪಕ್ಕದ ಮನೆಯಲ್ಲಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ಥಾರ್ನ್‌ಬೆಕ್‌ನ ಮನೆಗಳ ಗೋಡೆ ದಪ್ಪಗಿರುತ್ತದೆ ಎನ್ನುವವರು ಬೆರಿಲಳ ಕಿವಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಎಂಟು ಗಂಟೆಗೆ ಅವಳು ಒಂದು ಬಟ್ಟಲು ಸಕ್ಕರೆ ಕೇಳಲು ಬಂದಳು.

"ನಾಲ್ಕಕ್ಕೆ ಒಂದು ಅಂದ್ರೆ ಕಾಲು ಭಾಗ," ಎಂದಳು ಸಕ್ಕರೆಯನ್ನು ನೋಡುತ್ತ. "ಕಾಲು ಭಾಗ ಬುದ್ಧಿ ಇರೋರು ಎಷ್ಟೋ ಜನ ಚೆನ್ನಾಗೇ ಬದುಕಿದಾರೆ ಕಣೆ. ನನ್ನ ಯಜಮಾನರನ್ನೇ ತಗೋ."

"ಕಾಲಲ್ಲ, ಮೂರನೇ ಒಂದು ಭಾಗ," ಎಂದ ಕ್ಲಿಫರ್ಡ್. "ಒಂದು ಪಾಯಿಂಟ್ ಮೂರು ಮೂರನ್ನ ನಾಲ್ಕರಿಂದ ಭಾಗಿಸು."

ಅವನು ಮಗಳನ್ನು ಸಮರ್ಥಿಸಿಕೊಂಡದ್ದು ಹೀಗೆ.

ಮಧ್ಯಾಹ್ನದ ಹೊತ್ತಿಗೆ ಅಂಚೆಕಚೇರಿಯಲ್ಲಿ ಹೆಸ್ಟರ್ ಸಗ್ಡನ್ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಸಂಜೆಯ ಹೊತ್ತಿಗೆ ಬೇಕರಿಯಲ್ಲಿ ಅವಳನ್ನು ಶಾಲೆಯಿಂದ ಬಿಡಿಸಿದ್ದರು. ಶುಕ್ರವಾರ ಕ್ಲಿಫರ್ಡ್ ಎಂದಿನಂತೆ ಮೀನು ಮತ್ತು ಚಿಪ್ಸ್ ತರಲು ಹೋದಾಗ ಅಂಗಡಿಯ ಬರ್ನಾರ್ಡ್ ಒಂದು ಸೌಟು ಚಿಪ್ಸ್ ಹೆಚ್ಚಿಗೆ ಸುರಿದ. ಕ್ಲಿಫರ್ಡ್ ಅಲ್ಲೇ ಕೌಂಟರಿನ ಮೇಲೆ ಪೊಟ್ಟಣವನ್ನು ತೂಗಿದ.

"ತೊಂಬತ್ತು ಗ್ರಾಂ ಜಾಸ್ತಿ ಇದೆ, ಬರ್ನಾರ್ಡ್."

"ಇರ್ಲಿ ಸಗ್ಡನ್ ಅವ್ರೇ. ಮನೇಲಿ ಕಷ್ಟ ಇದೆ ಅಂತ ಕೇಳ್ದೆ."

"ಯಾವ ಕಷ್ಟ?"

ಬರ್ನಾರ್ಡ್ ವಿನೆಗರ್ ಬಾಟಲಿಯನ್ನು ಒರೆಸತೊಡಗಿದ. "ನಮ್ಮ ಚಿಕ್ಕಪ್ಪನ ಮಗನೂ ಹಂಗೇ. ಓದು ಹತ್ತಲಿಲ್ಲ. ಈಗ ಮೂರು ವ್ಯಾನ್ ಇಟ್ಕೊಂಡಿದಾನೆ."

ಹೆಚ್ಚಿನ ತೊಂಬತ್ತು ಗ್ರಾಮನ್ನು ಕ್ಲಿಫರ್ಡ್ ಎಣಿಸಿ ವಾಪಸು ಹಾಕಿದ. ಚಿಪ್ಸ್ ಅಂಗಡಿಯಲ್ಲಿ ಸರತಿಯಲ್ಲಿದ್ದ ಏಳು ಜನ ಅದನ್ನು ನೋಡಿದರು. ದುಃಖದಲ್ಲಿ ಮನುಷ್ಯ ಹೇಗೆ ಹೇಗೋ ಆಡುತ್ತಾನೆ ಎಂದು ಅವರಿಗೆ ಅನಿಸಿತು.

ಶನಿವಾರ ಬ್ಯಾಂಡಿನ ಅಭ್ಯಾಸ ಮುಗಿಸಿ ಬಂದ ಹೆಸ್ಟರ್ ಕಾರ್ನೆಟ್ ಪೆಟ್ಟಿಗೆಯನ್ನು ಬಾಗಿಲಲ್ಲೇ ಇಟ್ಟು ಕೇಳಿದಳು. "ಅಪ್ಪ, ಪಾದ್ರಿಗಳು ಯಾಕೆ ನನ್ನನ್ನ ಹೂ ಜೋಡಿಸೋದ್ರಲ್ಲಿ ಆಸಕ್ತಿ ಇದೆಯಾ ಮಗು ಅಂತ ಕೇಳಿದ್ರು?"

ಕ್ಲಿಫರ್ಡ್ ಗ್ವೆಂಡಾಳನ್ನು ನೋಡಿದ. ಗ್ವೆಂಡಾ ಒಲೆಯ ಮೇಲಿದ್ದ ಕೆಟಲನ್ನು ನೋಡಿದಳು. ಕೆಟಲ್ ಯಾರನ್ನೂ ನೋಡಲಿಲ್ಲ.

ಹೆಸ್ಟರ್ ಫಾರಂನ ಪ್ರತಿಯನ್ನು ಓದಿದಳು. ಕೊನೆಯ ಮೂರರ ಮೇಲಿನ ಚುಕ್ಕೆಯನ್ನೂ ನೋಡಿದಳು.

"ಕಳಿಸಿಬಿಟ್ಯಾ?"

"ಗುರುವಾರವೇ."

"ಫ್ರೆಂಚಿಗೆ ಸೊನ್ನೆ ಹಾಕಿದೀಯ. ಫ್ರೆಂಚಲ್ಲಿ ನಂಗೆ ಬಹುಮಾನ ಬಂದಿತ್ತು, ಅಪ್ಪ."

"ಕೋಷ್ಟಕದಲ್ಲಿ ಬಹುಮಾನಕ್ಕೆ ಜಾಗ ಇರಲಿಲ್ಲ, ಕಂದ."

ಅವಳು ಕಾರ್ನೆಟ್ ಪೆಟ್ಟಿಗೆಯನ್ನು ಎತ್ತಿಕೊಂಡು ಮಹಡಿಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಕಾರ್ನೆಟ್ಟಿನ ಒಂದೇ ಸ್ವರ ಕೇಳಿಸತೊಡಗಿತು. ಏರಲಿಲ್ಲ, ಇಳಿಯಲಿಲ್ಲ. ಕ್ಲಿಫರ್ಡ್ ಗಡಿಯಾರ ನೋಡಿಕೊಂಡ. ಮೂವತ್ತೆಂಟು ಸೆಕೆಂಡು, ಒಂದೇ ಉಸಿರಿನಲ್ಲಿ. ಅದನ್ನು ಯಾರಿಗೂ ಹೇಳಲಿಲ್ಲ. ಅವನ ಜೀವಮಾನದಲ್ಲಿ ಅಳೆದು ಸುಮ್ಮನಿದ್ದದ್ದು ಅದೊಂದೇ ಸಲ.

ಮುಂದಿನ ವಾರ ಕಾಲೇಜಿನಿಂದ ಡಾರ್ಲೀನ್ ವುಕೊವಿಚ್ ಎಂಬ ಪ್ರವೇಶಾಧಿಕಾರಿಯ ಪತ್ರ ಬಂತು. ಹೆಸ್ಟರಳ ಬದುಕಿನ ಪಯಣವನ್ನು ಹಂಚಿಕೊಂಡದ್ದಕ್ಕೆ ಅವರಿಗೆ ಹೃದಯ ತುಂಬಿ ಬಂದಿತ್ತಂತೆ. ಅವಳ ಪ್ರಬಂಧ ಓದಿ ಇಡೀ ಕಚೇರಿಯೇ ಬೆರಗಾಗಿತ್ತಂತೆ. ಆದರೆ ಅಂಕಗಳನ್ನು ನೋಡಿ ಸ್ವಲ್ಪ ಗೊಂದಲವಾಗಿದೆ. ಮನೆಯವರೂ ಮೇಷ್ಟ್ರೂ ಸೇರಿ ವಿಡಿಯೋ ಕರೆಯಲ್ಲಿ ಮಾತಾಡಬಹುದೇ ಎಂದು ಕೇಳಿದ್ದರು.

ಫೆಬ್ರವರಿ 28ರ ಮಂಗಳವಾರ ಸಂಜೆ ನಾಲ್ಕಕ್ಕೆ ಎಲ್ಲರೂ ಶಾಲೆಯ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಎತ್ತರದ ಸ್ಟೂಲುಗಳ ಮೇಲೆ ಸಾಲಾಗಿ ಕೂತರು. ಗ್ವೆಂಡಾ ಮದುವೆಗೆ ಹಾಕುವ ಕೋಟು ಹಾಕಿದ್ದಳು. ಬೆರಿಲಳನ್ನು ಯಾರೂ ಕರೆದಿರಲಿಲ್ಲ. ಆದ್ದರಿಂದ ಅವಳು ಎಲ್ಲರಿಗಿಂತ ಮೊದಲು ಬಂದು ನಡುವಿನ ಸ್ಟೂಲು ಹಿಡಿದಿದ್ದಳು. ಮರ್ಗಟ್ರಾಯ್ಡ್ ಮೇಷ್ಟ್ರು ಲ್ಯಾಪ್‌ಟಾಪನ್ನು ಒಂದು ಸಂಶಯಾಸ್ಪದ ರಾಸಾಯನಿಕದಂತೆ ದೂರದಿಂದಲೇ ತೆರೆದರು.

ಪರದೆಯ ಮೇಲೆ ಡಾರ್ಲೀನ್ ಕಾಣಿಸಿಕೊಂಡರು. ನಗು ಎಷ್ಟು ಅಗಲವಾಗಿತ್ತೆಂದರೆ ಹಿಂದಿನ ಪುಸ್ತಕದ ಕಪಾಟು ಕಾಣುತ್ತಿರಲಿಲ್ಲ.

"ನಿಮ್ಮನ್ನೆಲ್ಲಾ ನೋಡಿ ತುಂಬಾ ಖುಷಿ ಆಯ್ತು. ನೀವು ಎಡ್ಗರ್ ಅಲ್ವಾ?"

ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕಟ್ಟಡದೊಳಗೆ ಯಾರೂ ಮರ್ಗಟ್ರಾಯ್ಡ್ ಮೇಷ್ಟ್ರನ್ನು ಎಡ್ಗರ್ ಎಂದು ಕರೆದಿರಲಿಲ್ಲ. ಹಾಗೊಂದು ಹೆಸರು ಅವರಿಗಿದೆ ಎಂಬುದು ಗ್ವೆಂಡಾಗೆ ಆಗಲೇ ತಿಳಿದದ್ದು. ಮೇಷ್ಟ್ರು ಟೈ ಸರಿಮಾಡಿಕೊಂಡರು.

"ಎಡ್ಗರ್, ಹೆಸ್ಟರ್ ಬಗ್ಗೆ ನಿಮಗೆ ಏನನ್ಸುತ್ತೆ? ಮನಸ್ಸು ಬಿಚ್ಚಿ ಹೇಳಿ."

ಥಾರ್ನ್‌ಬೆಕ್‌ನಲ್ಲಿ ಮನಸ್ಸು ಬಿಚ್ಚುವ ವಾಡಿಕೆ ಇಲ್ಲ. ಶರ್ಟು ಬಿಚ್ಚುವುದೂ ವೈದ್ಯರು ಎರಡನೆಯ ಸಲ ಕೇಳಿದ ಮೇಲೆಯೇ. ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು.

"ಪರವಾಗಿಲ್ಲ," ಎಂದರು.

ಸ್ಟೂಲಿನ ಮೇಲೆ ಹೆಸ್ಟರಳ ಮುಖ ಕೆಂಪಾಯಿತು. ಗ್ವೆಂಡಾ ಕರವಸ್ತ್ರ ತೆಗೆದಳು. ಮರ್ಗಟ್ರಾಯ್ಡ್ ಮೇಷ್ಟ್ರು ಈ ಮಾತನ್ನು ಇದುವರೆಗೆ ಮೂರು ಜನರ ಬಗ್ಗೆ ಮಾತ್ರ ಹೇಳಿದ್ದರು, ಅದರಲ್ಲಿ ಒಬ್ಬರು ಸತ್ತ ಮೇಲೆ. ಇಂಥ ಹೊಗಳಿಕೆ ಮಗಳಿಗೆ ಎದುರಿನಲ್ಲೇ ಸಿಕ್ಕಿತಲ್ಲ ಎಂದು ಗ್ವೆಂಡಾ ಕಣ್ಣೊರೆಸಿಕೊಂಡಳು.

ಒಹಾಯೊದಲ್ಲಿ ನಗು ಒಂದಿಂಚು ಕಡಿಮೆಯಾಯಿತು. ಕಪಾಟಿನ ಒಂದು ಅಂಚು ಕಾಣಿಸಿತು.

"ಕ್ಲಿಫ್, ತಂದೆಯಾಗಿ ನೀವು ಹೇಳಿ."

"ಹೆಚ್ಚು ತೊಂದರೆ ಕೊಡೋ ಹುಡುಗಿ ಅಲ್ಲ," ಎಂದ ಕ್ಲಿಫರ್ಡ್, ಹೆಮ್ಮೆಯಿಂದ.

"ಚೆನ್ನಾಗಿ ಊಟ ಮಾಡ್ತಾಳೆ," ಎಂದು ಗ್ವೆಂಡಾ ಸೇರಿಸಿದಳು.

"ಕಾಲು ಭಾಗ ಅಲ್ವಂತೆ, ಮೂರನೇ ಒಂದು ಭಾಗವಂತೆ," ಎಂದಳು ಬೆರಿಲ್, ತನ್ನ ಕಡೆಯಿಂದ ನೆರವಾಗಲೆಂದು.

ಡಾರ್ಲೀನ್ ಮೆಲ್ಲಗೆ, ಆಸ್ಪತ್ರೆಯಲ್ಲಿ ಮಾತಾಡುವವರಂತೆ ಮಾತಾಡತೊಡಗಿದರು. "ಹೆಸ್ಟರ್, ನೀನು ಕಾರ್ನೆಟ್ ನುಡಿಸ್ತೀಯ ಅಂತ ಬರೆದಿದೀಯ. ಅದರ ಬಗ್ಗೆ ಹೇಳಮ್ಮ."

"ಸ್ವಲ್ಪ ಊದ್ತೀನಿ," ಎಂದಳು ಹೆಸ್ಟರ್. ಇಡೀ ಯಾರ್ಕ್‌ಶೈರಿಗೆ ಎರಡನೆಯದಾಗಿ ಬಂದ ಬ್ಯಾಂಡಿನಲ್ಲಿ ಅವಳು ಮುಖ್ಯ ಕಾರ್ನೆಟ್. ಆದರೆ ಅವಳೂ ಥಾರ್ನ್‌ಬೆಕ್‌ನಲ್ಲೇ ಹುಟ್ಟಿದವಳು.

"ಹದಿನಾರನೇ ವಯಸ್ಸಿಗೆ ಇಂಗ್ಲಿಷು, ಚರಿತ್ರೆ, ಫ್ರೆಂಚು ಮೂರನ್ನೂ ಬಿಟ್ಟಿದೀಯ. ಕಷ್ಟ ಆಯ್ತಾ?"

"ಎಲ್ಲರೂ ಬಿಡ್ತಾರೆ." ಇಂಗ್ಲೆಂಡಿನಲ್ಲಿ ಹದಿನಾರು ದಾಟಿದ ಮೇಲೆ ಮೂರ್ನಾಲ್ಕೇ ವಿಷಯ ಓದುವುದು.

"ಎಲ್ಲರೂ?" ಡಾರ್ಲೀನ್ ಏನೋ ಬರೆದುಕೊಂಡರು. ಈಗ ಕಪಾಟು ಪೂರ್ತಿ ಕಾಣುತ್ತಿತ್ತು. "ನೋಡಿ, ಕಲಿಕೆ ಎಲ್ಲರಿಗೂ ಒಂದೇ ಥರ ಇರೋದಿಲ್ಲ. ನಿಧಾನವಾಗಿ ಕಲಿಯೋರಿಗೆ ನಮ್ಮ ಊರಲ್ಲೇ ಒಂದು ಒಳ್ಳೆ ಸಂಸ್ಥೆ ಇದೆ. ಅಲ್ಲಿ ಕುದುರೆಗಳೂ ಇವೆ."

ಹೆಸ್ಟರ್ ತಲೆ ತಗ್ಗಿಸಿದಳು. ಕುದುರೆಗಳು ಎಲ್ಲಿಂದ ಬಂದವು ಎಂಬುದು ಯಾರಿಗೂ ಅರ್ಥವಾಗಲಿಲ್ಲ. ಕಾಲೇಜು ಕೈತಪ್ಪಿತು ಎಂಬುದು ಮಾತ್ರ ಎಲ್ಲರಿಗೂ ಅರ್ಥವಾಯಿತು.

ಡಾರ್ಲೀನ್ ಕೊನೆಗೊಂದು ಮಾತು ಕೇಳಿದರು, ಸೌಜನ್ಯಕ್ಕೆಂದು. "ಎಡ್ಗರ್, ನಿಮ್ಮ ವಿಷಯದಲ್ಲಿ ಅವಳಿಗೆ ಎಪ್ಪತ್ನಾಲ್ಕು ಬಂದಿದೆ. ನೂರು ತಗೋಬೇಕಾದ್ರೆ ಅವಳು ಇನ್ನೇನು ಮಾಡಬೇಕಿತ್ತು?"

"ನೂರಾ?" ಮೇಷ್ಟ್ರು ಮೊದಲ ಬಾರಿಗೆ ಪರದೆಯನ್ನು ನೇರವಾಗಿ ನೋಡಿದರು. "ನೂರು ಯಾರಿಗೂ ಕೊಡೋದಿಲ್ಲ."

"ತೊಂಬತ್ತು?"

"ತೊಂಬತ್ತು ನಮ್ಮ ಗುರುಗಳಿಗೆ ಕೊಡಬಹುದಿತ್ತು. ಅವರು ತೀರಿಕೊಂಡರು."

"ಎಂಬತ್ತು?"

"ನನಗೆ ನಾನೇ ಕೊಟ್ಕೊಬಹುದು. ಚೆನ್ನಾಗಿ ನಿದ್ದೆ ಬಂದ ದಿನ."

ಆಗ ಕ್ಲಿಫರ್ಡ್ ಸ್ಟೂಲಿನಿಂದ ಕೆಳಗಿಳಿದ. ಅವನ ಮುಖದ ಮೇಲೆ ಬಂದ ಆ ಕಳೆಯನ್ನು ಥಾರ್ನ್‌ಬೆಕ್‌ನ ಕಸಾಯಿಗಳು ಬಲ್ಲರು. ಮಗಳ ವಿಷಯದಲ್ಲಿ ಅವನಿಗೆ ಇಷ್ಟು ದಿನ ಬಾರದ ಸಿಟ್ಟು, ತಕ್ಕಡಿಯ ವಿಷಯಕ್ಕೆ ಬಂದೇಬಿಟ್ಟಿತು.

"ಒಂದ್ನಿಮಿಷ, ಮರ್ಗಟ್ರಾಯ್ಡ್ ಅವ್ರೇ. ನಿಮ್ಮ ತಕ್ಕಡಿ ಮೇಲೆ ನೂರರವರೆಗೆ ಗೆರೆ ಇದೆ. ಆದ್ರೆ ಮುಳ್ಳು ಎಂಬತ್ತು ದಾಟಲ್ಲ. ಹಂಗೇನಾ?"

"ತಕ್ಕಡಿ ಅಲ್ಲ ಸಗ್ಡನ್ ಅವ್ರೇ, ಇದು ಶಿಕ್ಷಣ."

"ಹಂಗೇನಾ ಅಂತ ಕೇಳ್ದೆ."

"ಹಾಗೇ ಅನ್ನಬಹುದು."

"ಎಷ್ಟು ವರ್ಷದಿಂದ?"

"ಇಪ್ಪತ್ತೊಂಬತ್ತು."

"ತರಕಾರಿ ಅಂಗಡಿಯವನು ಇಂಥ ತಕ್ಕಡಿ ಇಟ್ಕೊಂಡಿದ್ರೆ ಅದನ್ನ ಗಾಡಿಗೆ ಹಾಕ್ಕೊಂಡು ಹೋಗ್ತಿದ್ದೆ. ಅವನನ್ನೂ." ಕ್ಲಿಫರ್ಡ್ ಜೇಬಿನಿಂದ ತನ್ನ ತಪಾಸಣೆಯ ಪುಸ್ತಕ ತೆಗೆದು ಪೆನ್ಸಿಲ್ ಹಿಡಿದ. "ಈ ಇಪ್ಪತ್ತೊಂಬತ್ತು ವರ್ಷದಲ್ಲಿ ನೀವು ಕೊಟ್ಟಿರೋ ಅತಿ ಹೆಚ್ಚು ಅಂಕ ಎಷ್ಟು?"

"ಎಪ್ಪತ್ನಾಲ್ಕು."

"ಎಷ್ಟು ಜನಕ್ಕೆ?"

"ಒಬ್ಬರಿಗೆ."

"ಯಾರಿಗೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, ಬುನ್ಸೆನ್ ಬರ್ನರಿಗೆ ಹೇಳುವಂತೆ ಹೇಳಿದರು. "ಇಲ್ಲೇ ಕೂತಿದಾಳಲ್ಲ."

"ಅವಳಾದ ಮೇಲೆ?"

"ಅರವತ್ತಾರು. ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ. ಆ ಹುಡುಗ ಈಗ ಉಪಗ್ರಹಕ್ಕೆ ಕ್ಯಾಮೆರಾ ಮಾಡ್ತಾನೆ."

ಪ್ರಯೋಗಶಾಲೆಯಲ್ಲಿ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಒಹಾಯೊದಿಂದ "ಓ" ಎಂಬ ಸಣ್ಣ ದನಿ ಬಂತು. ಸ್ವಲ್ಪ ತಡೆದು ಅದೇ ದನಿ ಕೇಳಿತು. "ನೀವು ಹದಿನಾರಕ್ಕೆ ಒಂದು ದೇಶವ್ಯಾಪಿ ಪರೀಕ್ಷೆ ಬರೀತೀರಲ್ಲ, ಜಿಸಿಎಸ್‌ಇ. ಅದರ ಫಲಿತಾಂಶ ಎಲ್ಲಿ?"

"ಮನೇಲಿದೆ," ಎಂದಳು ಗ್ವೆಂಡಾ. "ಚೌಕಟ್ಟು ಹಾಕ್ಸಿ ಬಚ್ಚಲುಮನೆ ಪಕ್ಕ ನೇತುಹಾಕಿದೀವಿ."

"ಬ್ರಿಟನ್ನಿನಿಂದ ಬರೋರಿಗೆ ನಾವು ಅದನ್ನ ಮಾತ್ರ ನೋಡೋದು. ಅದಕ್ಕೆ ನಮ್ಮ ಹತ್ರ ಬೇರೆ ಕೋಷ್ಟಕವೇ ಇದೆ, ಇಪ್ಪತ್ತು ವರ್ಷದಿಂದ. ಫಾರಂನ ಮೊದಲನೇ ಸಾಲಲ್ಲೇ ಬರೆದಿದೆ, ಅಮೆರಿಕದ ಶಾಲೆಗಳಿಗೆ ಮಾತ್ರ ಅಂತ. ನೀವು ಯಾಕೆ ಇದನ್ನ ತುಂಬಿದ್ರಿ, ಕ್ಲಿಫ್?"

ಎಲ್ಲರೂ ಕ್ಲಿಫರ್ಡನನ್ನು ನೋಡಿದರು. ಅವನು ತಪಾಸಣೆಯ ಪುಸ್ತಕವನ್ನು ಮಡಚಿ ಜೇಬಿಗಿಟ್ಟುಕೊಂಡ.

"ಕಳಿಸಿದ್ರಿ. ತುಂಬ್ದೆ," ಎಂದ.

ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಗಾಜು ತೆಗೆದು, ಸ್ಕ್ಯಾನ್ ಮಾಡಿ ಕಳಿಸಿದರು. ಈ ಸಲ ಸ್ಕ್ಯಾನ್ ಮಾಡಿದ್ದು ಗ್ವೆಂಡಾ. ಕ್ಲಿಫರ್ಡನನ್ನು ತೋಟದ ಶೆಡ್ಡಿಗೆ ಕಳಿಸಲಾಗಿತ್ತು.

ಹತ್ತು ದಿನಕ್ಕೆ ಉತ್ತರ ಬಂತು. ಒಂಬತ್ತು ವಿಷಯದಲ್ಲಿ ಎ, ಫ್ರೆಂಚಿನಲ್ಲಿ ಬಿ, ಧರ್ಮಶಿಕ್ಷಣದಲ್ಲಿ ಎ. ಎ ಬಂದದ್ದಕ್ಕೆ ನಾಲ್ಕು, ಬಿ ಬಂದದ್ದಕ್ಕೆ ಮೂರು. ಸರಾಸರಿ 3.91. ಪೂರ್ತಿ ವಿದ್ಯಾರ್ಥಿವೇತನ ಮಂಜೂರಾಗಿದೆ. ಬೆರಿಲ್ ಗೋಡೆಯ ಆ ಕಡೆಯಿಂದಲೇ ಚಪ್ಪಾಳೆ ತಟ್ಟಿದಳು. ಸಂಜೆಯೊಳಗೆ ಹೆಸ್ಟರ್ ಸಗ್ಡನ್ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹೆಗಾರಳಾಗಲಿದ್ದಾಳೆ ಎಂದು ಅಂಚೆಕಚೇರಿಗೆ ಗೊತ್ತಾಯಿತು. ತನಗೆ ಮೊದಲಿನಿಂದಲೂ ಅನುಮಾನವಿರಲಿಲ್ಲ ಎಂದು ಪಾದ್ರಿಗಳು ಹೇಳಿದರು.

ಮರುದಿನ ಬೆಳಿಗ್ಗೆ ಕ್ಲಿಫರ್ಡ್ ಟೋಸ್ಟ್ ಮುಟ್ಟದೆ ಕೂತಿದ್ದ. ಗ್ವೆಂಡಾಗೆ ಮೂವತ್ತು ವರ್ಷದ ಸಂಸಾರದ ಅನುಭವವಿತ್ತು.

"ಏನೂ ಹೇಳ್ಬೇಡ," ಎಂದಳು.

"ಧರ್ಮಶಿಕ್ಷಣ ಅರ್ಧ ವಿಷಯ."

"ಹೇಳ್ಬೇಡ ಅಂದ್ನಲ್ಲ."

"ವಾರಕ್ಕೆ ಒಂದೇ ಪೀರಿಯಡ್ಡು. ಸರ್ಟಿಫಿಕೇಟಲ್ಲೇ ಇದೆ, ಸಣ್ಣ ಅಕ್ಷರದಲ್ಲಿ, ಅರ್ಧ ಕೋರ್ಸ್ ಅಂತ. ಅವರು ಇಡೀ ವಿಷಯ ಅಂತ ಲೆಕ್ಕ ಹಿಡಿದಿದಾರೆ. ಹನ್ನೊಂದರಿಂದ ಭಾಗಿಸಿದಾರೆ. ಹತ್ತೂವರೆಯಿಂದ ಭಾಗಿಸಬೇಕು."

"ಭಾಗಿಸಿದ್ರೆ ಎಷ್ಟು ಬರುತ್ತೆ?"

"ಆಗ್ಲೂ ಮೂರು ಪಾಯಿಂಟ್ ಒಂಬತ್ತು ಸೊನ್ನೆ ದಾಟುತ್ತೆ. ಕೂದಲೆಳೆಯಷ್ಟು."

"ಮತ್ತೆ ಸುಮ್ನಿರು."

"ಅರ್ಧ ವಿಷಯ ನಾವು ಲೆಕ್ಕಕ್ಕೇ ತಗೊಳಲ್ಲ ಅಂತ ಅವರು ಅಂದ್ರೆ ಮಾತ್ರ ಸರಿಯಾಗಿ ಮೂರು ಪಾಯಿಂಟ್ ಒಂಬತ್ತು ಸೊನ್ನೆ."

"ನಿಯಮ ಏನು?"

"ಅದಕ್ಕಿಂತ ಹೆಚ್ಚು ಇರ್ಬೇಕು."

ಗ್ವೆಂಡಾ ಎದ್ದು ಗೋಡೆ ತಟ್ಟಿದಳು. ಅರ್ಧ ನಿಮಿಷದಲ್ಲಿ ಬೆರಿಲ್ ಡ್ರೆಸ್ಸಿಂಗ್ ಗೌನಿನಲ್ಲೇ ಬಂದಳು. ವಿಷಯವನ್ನು ಅವಳಿಗೆ ಹೇಳಬೇಕಾದ ಅಗತ್ಯವಿರಲಿಲ್ಲ.

"ಕ್ಲಿಫ್, ಮೂವತ್ತೊಂದು ವರ್ಷದಲ್ಲಿ ಒಂದ್ಸಲವಾದ್ರೂ ಯಾರದ್ದಾದ್ರೂ ಕಡೆ ಕಣ್ಣು ಮುಚ್ಚಿದೀಯಾ?"

"ಇಲ್ಲ."

"ಇವತ್ತು ಮುಚ್ಚು. ನಾನು ಹಿಡ್ಕೋತೀನಿ ಬೇಕಾದ್ರೆ."

"ಬಿಯರ್ ಕಡಿಮೆ ಹಾಕ್ದ ಅಂತ ಸ್ವಂತ ಅಣ್ಣನ ಪಬ್ಬಿಗೆ ನೋಟಿಸ್ ಕೊಟ್ಟೋನು ನಾನು. ಮಗಳಿಗೆ ಜಾಸ್ತಿ ಬಂತು ಅಂತ ಸುಮ್ನಿರ್ಲಾ?"

"ನಿಮ್ಮಣ್ಣ ಇವತ್ತಿಗೂ ಮಾತಾಡ್ಸಲ್ಲ," ಎಂದಳು ಬೆರಿಲ್. "ಮಗಳೂ ಮಾತು ಬಿಡ್ಲಿ ಅಂತಾನಾ?"

ಕ್ಲಿಫರ್ಡ್ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ. ಗ್ವೆಂಡಾ ಲ್ಯಾಪ್‌ಟಾಪನ್ನು ಬ್ರೆಡ್ಡಿನ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು, ಮುಚ್ಚಳ ಕೂರಲಿಲ್ಲ. ಬೆರಿಲ್ ಡಬ್ಬಿಯ ಮೇಲೆ ಮೊಣಕೈ ಊರಿ ನಿಂತಳು. ಅದೇ ಹೊತ್ತಿಗೆ ಹೆಸ್ಟರ್ ಮೆಟ್ಟಿಲಿಳಿದು ಬಂದಳು. ಎಷ್ಟು ಹೊತ್ತಿನಿಂದ ಮೆಟ್ಟಿಲ ಮೇಲಿದ್ದಳೋ.

"ದೊಡ್ಡಮ್ಮ, ಕೈ ತೆಗಿ."

"ನಿನ್ನ ಒಳ್ಳೇದಕ್ಕೇ ಕಣೆ ಮಗು."

"ಗೊತ್ತು. ತೆಗಿ." ಅವಳು ಲ್ಯಾಪ್‌ಟಾಪನ್ನು ಹೊರತೆಗೆದು, ಮೇಲಿನ ಬ್ರೆಡ್ ಪುಡಿ ಒರೆಸಿ, ಅಪ್ಪನ ಎದುರಿಗೆ ಕೂತಳು. "ನಾನೂ ನಿನ್ನೆನೇ ನೋಡ್ದೆ, ಅಪ್ಪ. ಹನ್ನೊಂದು ಅಂತ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೋಗ್ಬೇಕು ಅಂತ ತುಂಬಾ ಆಸೆ ಇದೆ. ಅದಕ್ಕೆ." ಅವಳ ದನಿ ಅಲ್ಲಿ ಸ್ವಲ್ಪ ಒಡೆಯಿತು. "ಹೇಳು, ಟೈಪ್ ಮಾಡ್ತೀನಿ. ಪಿಂಟಿನ ವಿಷಯ ಮಾತ್ರ ಬೇಡ."

ಅವನು ಹೇಳಿದ, ಅವಳು ಟೈಪ್ ಮಾಡಿದಳು. ನಾಲ್ಕೇ ಸಾಲು. ಕೊನೆಗೆ, ಉತ್ತರವನ್ನು ದಯವಿಟ್ಟು ಹತ್ತಿರದ ಅಂಕಿಗೆ ಏರಿಸದೆ ತಿಳಿಸಬೇಕು ಎಂದು ಕ್ಲಿಫರ್ಡ್ ಸೇರಿಸಿದ. ಕಳಿಸುವ ಗುಂಡಿಯನ್ನು ಹೆಸ್ಟರೇ ಒತ್ತಿದಳು. ಬೆರಿಲ್ ಕಣ್ಣು ಮುಚ್ಚಿಕೊಂಡಳು, ತನ್ನವನ್ನೇ.

ಆ ಮೇಲಿನ ಐದು ದಿನ ಸಗ್ಡನ್ ಮನೆಯಲ್ಲಿ ಯಾರೂ ಯಾರಿಗೂ ಉಪ್ಪು ಕೊಡು ಎನ್ನುವುದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಕ್ಲಿಫರ್ಡ್ ಕೆಲಸಕ್ಕೆ ಹೋಗಿ ಬರುತ್ತಿದ್ದ. ಮೂರನೆಯ ದಿನ ಪೆಟ್ರೋಲ್ ಬಂಕಿನಲ್ಲಿ ಮೀಟರಿನ ಮುಂದೆ ಇಪ್ಪತ್ತು ನಿಮಿಷ ನಿಂತು, ಏನನ್ನೂ ಬರೆದುಕೊಳ್ಳದೆ ಹೊರಟುಹೋದ ಎಂದು ಬಂಕಿನವನು ಗಾಬರಿಯಿಂದ ಗ್ವೆಂಡಾಗೆ ಫೋನ್ ಮಾಡಿದ.

ಆರನೆಯ ದಿನ ಡಾರ್ಲೀನ್ ವುಕೊವಿಚ್ ಅವರ ಉತ್ತರ ಬಂತು. ಹೆಸ್ಟರ್ ನಿಂತುಕೊಂಡೇ ಗಟ್ಟಿಯಾಗಿ ಓದಿದಳು.

ಕಾಲೇಜಿನ ನಲವತ್ತು ವರ್ಷದಲ್ಲಿ ಅಂಕ ಕಡಿಮೆ ಮಾಡಿ ಎಂದು ಕೇಳಿಕೊಂಡ ತಂದೆ ಇವರೊಬ್ಬರೇ ಎಂದು ಅದರಲ್ಲಿ ಬರೆದಿತ್ತು. ಅರ್ಧ ವಿಷಯ ಎಂದರೇನು ಎಂದು ತೀರ್ಮಾನಿಸಲು ಸಮಿತಿ ಐವತ್ತೈದು ನಿಮಿಷ ಕೂತಿತ್ತಂತೆ. ಬಿಟ್ಟುಬಿಡೋಣ ಎಂದು ಇಬ್ಬರು, ಹಾಗೇ ಇರಲಿ ಎಂದು ಇಬ್ಬರು ಪಟ್ಟು ಹಿಡಿದಿದ್ದರಂತೆ. ಕೊನೆಗೆ ಗಣಿತದ ಪ್ರಾಧ್ಯಾಪಕರು ಅರ್ಧವೆಂದರೆ ಅರ್ಧವೇ ಎಂದದ್ದನ್ನು ಎಲ್ಲರೂ ಒಪ್ಪಿದರಂತೆ. ವಿದ್ಯಾರ್ಥಿವೇತನ ಖಾಯಂ, ತರಗತಿಗಳು ಆಗಸ್ಟ್ 28ಕ್ಕೆ ಶುರು.

ಹೆಸ್ಟರ್ ಅಲ್ಲಿಗೆ ನಿಲ್ಲಿಸಿ ಕುರ್ಚಿಯ ಮೇಲೆ ಕೂತುಬಿಟ್ಟಳು. ಗ್ವೆಂಡಾ ಅವಳ ತಲೆಯನ್ನು ಎದೆಗೊತ್ತಿಕೊಂಡಳು. ಗೋಡೆಯ ಆ ಕಡೆ ಏನೋ ಬಿದ್ದು ಒಡೆಯಿತು.

"ಕೆಳಗೆ ಇನ್ನೊಂದು ಸಾಲಿದೆ," ಎಂದ ಕ್ಲಿಫರ್ಡ್. ಅವನ ಕನ್ನಡಕದ ಗಾಜು ಮಂಜಾಗಿತ್ತು, ಅವನಿಗೆ ಓದಲಾಗುತ್ತಿರಲಿಲ್ಲ. "ಅದನ್ನೂ ಓದು, ಕಂದ."

ಅವಳು ಮೂಗು ಒರೆಸಿಕೊಂಡು ಓದಿದಳು. ಪರಿಷ್ಕೃತ ಸರಾಸರಿ, ಕೋರಿಕೆಯಂತೆ ಮೇಲಕ್ಕೆ ಏರಿಸದೆ: 3.9047.